ಕೌದಿಗೆಂದು ಕೂಡಿಟ್ಟ ಬಟ್ಟೆ ಕಪಾಟು ಮೀರಿದಾಗ

ಪ್ರಶ್ನೆ: ನಾನು ನಿವೃತ್ತ ಶಿಕ್ಷಕಿ. ಅತ್ತೆಯವರಿಂದ ಕೌದಿ ಹೊಲಿಯುವುದನ್ನು ಕಲಿತೆ, ಈಗ ವರ್ಷಕ್ಕೆ ಎರಡನ್ನಾದರೂ ಮುಗಿಸುತ್ತೇನೆ. ಆದರೆ ಉಡಿ ತುಂಬಿದಾಗ ಬಂದ ಖಣಗಳು, ಟೇಲರ್ ಅಂಗಡಿಯಿಂದ ತಂದ ತುಂಡುಗಳು, ಜಾತ್ರೆ ಮತ್ತು ಮೇಳಗಳಲ್ಲಿ ಬಣ್ಣಕ್ಕೆ ಮನಸೋತು ಕೊಂಡ ಬಟ್ಟೆಗಳು ಎರಡು ಕಪಾಟು ತುಂಬಿ ಮಂಚದ ಕೆಳಗೂ ಸೇರಿವೆ. ಬ್ಲೌಸ್ ಪೀಸುಗಳೇ ಇನ್ನೂರರ ಹತ್ತಿರ ಇವೆ. ಇದೊಂದು ಕಾಯಿಲೆ ಎಂದು ಮನೆಯವರು ಹಾಸ್ಯ ಮಾಡುತ್ತಾರೆ. ಅತ್ತೆಯವರ ಒಂಬತ್ತು ಗಜದ ಇಳಕಲ್ ಸೀರೆಯೊಂದು ಹಾಗೆಯೇ ಉಳಿದಿದೆ. ಅದಕ್ಕೆ ಕತ್ತರಿ ಹಾಕಲು ಮನಸ್ಸು ಬರುತ್ತಿಲ್ಲ. ಏನು ಮಾಡಲಿ?
— ಓದುಗರೊಬ್ಬರು, ಧಾರವಾಡ

ಉತ್ತರ: ಕಾಯಿಲೆಯ ಮಾತನ್ನು ಮೊದಲು ಮುಗಿಸೋಣ. ವಸ್ತುಗಳನ್ನು ಬಿಡಲಾಗದೆ ಕೂಡಿಡುವುದನ್ನು ಮನೋವೈದ್ಯರು ಪ್ರತ್ಯೇಕ ಸಮಸ್ಯೆಯೆಂದು ಗುರುತಿಸುವುದು ನಿಜ. ಅಮೆರಿಕದ ಮನೋವೈದ್ಯರ ಕೈಪಿಡಿ 2013ರಲ್ಲಿ ಅದನ್ನು ಬೇರೆಯೇ ಹೆಸರಿನಡಿ ಸೇರಿಸಿತು. ಆದರೆ ಬೆಲೆಯಿಲ್ಲದ ವಸ್ತುವನ್ನು ಬಿಡುವಾಗಲೂ ತಡೆಯಲಾರದ ಸಂಕಟವಾಗುವುದು, ಮಲಗುವ ಮತ್ತು ಅಡುಗೆ ಮಾಡುವ ಜಾಗವೇ ಬಳಕೆಗೆ ಸಿಗದಂತಾಗುವುದು ಅದರ ಲಕ್ಷಣಗಳು. ನಿಮ್ಮ ಪತ್ರದಲ್ಲಿ ಅವು ಕಾಣುವುದಿಲ್ಲ. ಮುಂದೆ ಕಂಡರೆ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಲು ಸಂಕೋಚ ಬೇಡ.

ನಿಮ್ಮ ತೊಂದರೆ ಇರುವುದು ಕೊಳ್ಳುವುದಕ್ಕೂ ಹೊಲಿಯುವುದಕ್ಕೂ ಇರುವ ಅಂತರದಲ್ಲಿ. ಸ್ವಲ್ಪ ಲೆಕ್ಕ ಹಾಕಿ ನೋಡಿ. ಐದಡಿ ಅಗಲ, ಏಳಡಿ ಉದ್ದದ ಕೌದಿಯ ಮೇಲ್ಮೈ 35 ಚದರ ಅಡಿ. 80 ಸೆಂಟಿಮೀಟರ್ ಉದ್ದ, 90 ಸೆಂಟಿಮೀಟರ್ ಅಗಲದ ಬ್ಲೌಸ್ ಪೀಸಿನಲ್ಲಿ ಸುಮಾರು ಏಳೂಮುಕ್ಕಾಲು ಚದರ ಅಡಿ ಬಟ್ಟೆ ಇರುತ್ತದೆ. ಅಂಚು ಮಡಚುವುದಕ್ಕೆ ಕಾಲು ಭಾಗ ಹೋದರೂ ಆರು ಪೀಸುಗಳಿಗೆ ಒಂದು ಕೌದಿಯ ಮೇಲ್ಮೈ ತುಂಬುತ್ತದೆ. ಅಂದರೆ ಇನ್ನೂರು ಪೀಸುಗಳೆಂದರೆ ಮೂವತ್ತಮೂರು ಕೌದಿ, ನಿಮ್ಮ ಕೈವೇಗದಲ್ಲಿ ಹದಿನಾರು ವರ್ಷಗಳ ಕೆಲಸ. ಕಪಾಟಿನ ಬಾಗಿಲಿಗೆ ಈ ಲೆಕ್ಕವನ್ನು ಅಂಟಿಸಿಟ್ಟರೆ ಮೇಳದ ಮಳಿಗೆಯ ಮುಂದೆ ನಿಂತಾಗ ನೆನಪಿಗೆ ಬರಬಹುದು. ಕೌದಿ ಹುಟ್ಟಿದ್ದೇ ಉಟ್ಟು ಸವೆದ ಸೀರೆ, ಧೋತರಗಳನ್ನು ಕೊನೆಯವರೆಗೂ ಬಳಸುವುದಕ್ಕಾಗಿ. ಅದಕ್ಕೆಂದೇ ಹೊಸ ಬಟ್ಟೆ ಕೊಳ್ಳುವುದನ್ನು ನಿಮ್ಮ ಅತ್ತೆಯವರು ಒಪ್ಪುತ್ತಿದ್ದರೆಂದು ನನಗೇನೂ ಅನ್ನಿಸುವುದಿಲ್ಲ. ಉತ್ತರ ಕನ್ನಡದ ಹಳಿಯಾಳ, ಯಲ್ಲಾಪುರ, ಮುಂಡಗೋಡಗಳ ಸಿದ್ದಿ ಹೆಂಗಸರ ಕೌದಿಗಳು ಇಂದು ದೂರದೂರದ ಪ್ರದರ್ಶನಗಳಿಗೆ ಹೋಗುತ್ತಿವೆ. ಅವುಗಳ ಚೆಲುವು ಕೂಡ ಮನೆಯ ಹಳೆಯ ಬಟ್ಟೆಯಿಂದಲೇ ಬಂದದ್ದು.

ಇನ್ನು ವಿಂಗಡಣೆ. ಬಣ್ಣ ನೋಡಿ ವಿಂಗಡಿಸಲು ಕುಳಿತರೆ ಒಂದನ್ನೂ ಬಿಡಲು ಮನಸ್ಸಾಗುವುದಿಲ್ಲ, ಆದ್ದರಿಂದ ನೂಲು ನೋಡಿ ವಿಂಗಡಿಸಿ. ಉಡಿ ತುಂಬುವಾಗ ಕೊಡುವ ಅಗ್ಗದ ಪೀಸುಗಳಲ್ಲಿ ಬಹಳಷ್ಟು ಪಾಲಿಯೆಸ್ಟರ್ ಆಗಿರುತ್ತವೆ. ಅಂಚಿನಿಂದ ಒಂದು ಎಳೆಯನ್ನು ಕಿತ್ತು, ಚಿಮಟಿಗೆಯಲ್ಲಿ ಹಿಡಿದು, ದೀಪಕ್ಕೆ ಒಡ್ಡಿ ನೋಡಿ: ಹತ್ತಿಯಾದರೆ ಕಾಗದ ಸುಟ್ಟ ವಾಸನೆ ಬಂದು ಮೆತ್ತನೆಯ ಬೂದಿ ಉಳಿಯುತ್ತದೆ, ಪಾಲಿಯೆಸ್ಟರ್ ಕರಗಿ ತುದಿಯಲ್ಲಿ ಗಟ್ಟಿ ಗುಂಡಾಗುತ್ತದೆ. ಪಾಲಿಯೆಸ್ಟರ್ ಬೆವರು ಹೀರುವುದಿಲ್ಲವಾದ್ದರಿಂದ ಹೊದೆಯುವ ಕೌದಿಗೆ ಒಗ್ಗದು. ಅದನ್ನು ಚೀಲಗಳಿಗೋ ಬಾಗಿಲ ತೋರಣಕ್ಕೋ ಬಳಸುವವರಿಗೆ ಕೊಟ್ಟುಬಿಡಿ. ಹಳೆಯ ಹತ್ತಿ ಬಟ್ಟೆಯನ್ನು ಎರಡು ಹೆಬ್ಬೆರಳುಗಳ ನಡುವೆ ಎಳೆದಾಗ ಪಿಸಿದು ಹೋದರೆ ಅದನ್ನು ಮೇಲ್ಮೈಗೆ ಬಳಸದೆ ಒಳಪದರಕ್ಕೆ ಸೇರಿಸಿ. ಅಂಗೈಯಗಲಕ್ಕಿಂತ ಚಿಕ್ಕ ಚಿಂದಿಗಳನ್ನು ಮುಂದೆಂದಾದರೂ ಬೇಕಾದೀತೆಂದು ಡಬ್ಬಿಗಳಲ್ಲಿ ತುಂಬಿಡುವ ಅಭ್ಯಾಸ ಅನೇಕರಿಗಿದೆ; ಅವುಗಳನ್ನು ದಿಂಬಿಗೆ ತುಂಬಿ ಮುಗಿಸಿ.

ಉಳಿಸಿಕೊಳ್ಳುವ ಬಟ್ಟೆಯನ್ನು ಗಂಜಿಯೊಂದಿಗೆ ಎತ್ತಿಡಬೇಡಿ. ಹೊಸ ಖಣಕ್ಕೆ ಹಾಕಿರುವ ಗಂಜಿಗೆ ಬೆಳ್ಳಿಹುಳು ಬರುತ್ತದೆ, ವರ್ಷಗಟ್ಟಲೆ ಒಂದೇ ಮಡಿಕೆಯಲ್ಲಿದ್ದ ಬಟ್ಟೆ ಆ ಗೆರೆಯಲ್ಲೇ ಸೀಳುತ್ತದೆ. ತೊಳೆದು ಪೂರ್ತಿ ಒಣಗಿಸಿ, ಮಳೆಗಾಲ ಕಳೆದ ಮೇಲೊಮ್ಮೆ ಬಿಸಿಲಿನ ಬದಲು ನೆರಳಲ್ಲಿ ಹರವಿ, ಮಡಿಕೆ ಬದಲಿಸಿ ಇಡಿ. ಹೀಗೆ ನೋಡಿಕೊಳ್ಳಲು ನಿಮ್ಮಿಂದಾಗುವಷ್ಟೇ ಬಟ್ಟೆಯನ್ನು ಇಟ್ಟುಕೊಳ್ಳಿ. ಒಂದು ಕಪಾಟು ಸಾಕೆಂಬುದು ನನ್ನ ಅಭಿಪ್ರಾಯ. ಮಿಕ್ಕ ಒಳ್ಳೆಯ ಹತ್ತಿಯನ್ನು ನಿಮ್ಮ ಭಾಗದಲ್ಲಿ ಕೂಲಿಗೆ ಕೌದಿ ಹೊಲಿದುಕೊಡುವ ಹೆಂಗಸರಿಗೆ ಕೊಡಬಹುದು, ಅಥವಾ ಹಳೆಯ ಹತ್ತಿ ಬಟ್ಟೆಯಿಂದ ಮುಟ್ಟಿನ ಪ್ಯಾಡ್‌ಗಳನ್ನೂ ತಯಾರಿಸುವ ಗೂಂಜ್ ಸಂಸ್ಥೆಗೆ ತೊಳೆದು ಕಳುಹಿಸಬಹುದು. ಮುಂದಿನ ಒಂದು ವರ್ಷ ಏನನ್ನೂ ಕೊಳ್ಳಬೇಡಿ. ಉಡಿಗೆ ಬಂದ ಖಣವನ್ನು ಹೇಗೂ ಬೇಡವೆನ್ನಲಾಗದು, ಅದನ್ನು ನೀವು ಉಡಿ ತುಂಬುವಾಗ ಮುಂದೆ ದಾಟಿಸಿ.

ಇಳಕಲ್ ಸೀರೆಗೆ ಕತ್ತರಿ ಹಾಕುವ ಅಗತ್ಯವೇ ಇಲ್ಲ. ಒಂಬತ್ತು ಗಜವೆಂದರೆ 27 ಅಡಿ. ಸೆರಗು ಮೇಲೆ ಬರುವಂತೆ ನಾಲ್ಕು ಪದರವಾಗಿ ಮಡಚಿದರೆ ಆರೂಮುಕ್ಕಾಲು ಅಡಿ ಉದ್ದದ, ಒಬ್ಬರು ಹೊದೆಯುವ ಕೌದಿಗೆ ಅಷ್ಟೇ ಸಾಕು. ಮೊದಲು ಒದ್ದೆ ಮಾಡಿದ ಬಿಳಿ ಬಟ್ಟೆಯನ್ನು ಸೆರಗಿನ ಕೆಂಪಿನ ಮೇಲೆ ಒತ್ತಿ, ಬಣ್ಣ ಬಿಡುತ್ತದೆಯೇ ನೋಡಿ. ಬಿಡದಿದ್ದರೆ ನಾಲ್ಕೂ ಅಂಚುಗಳಿಂದ ನಡುವಿನತ್ತ ಕೈಹೊಲಿಗೆ ಹಾಕುತ್ತಾ ಬನ್ನಿ; ಬಿಡುವಂತಿದ್ದರೆ ಸೆರಗನ್ನು ಒಳಗೆ ಮಡಚದೆ, ತಣ್ಣೀರಿನಲ್ಲಿ ಬೇರೆಯಾಗಿ ಜಾಲಿಸಿ, ನೀರು ತಿಳಿಯಾಗುವವರೆಗೂ ಹೊಲಿಗೆಯನ್ನು ಮುಂದೂಡಿ.