ಸೂಪರ್ ಲೀಗ್ ರಗ್ಬಿಯಲ್ಲಿ ಏನು ಬದಲಾಗಬೇಕು?

ನನ್ನ ಮಟ್ಟಿಗೆ ಮೊದಲು ಬದಲಾಗಬೇಕಿರುವುದು ಗ್ರೇಡಿಂಗ್, ಅಂದರೆ ಕ್ಲಬ್‌ಗಳಿಗೆ ಅಂಕ ಕೊಟ್ಟು ಅಳೆಯುವ ಪದ್ಧತಿ. ಇಂಗ್ಲೆಂಡಿನ ರಗ್ಬಿ ಲೀಗ್ ಆಟದ ಅತಿ ಮೇಲಿನ ಹಂತವಾದ ಸೂಪರ್ ಲೀಗ್‌ನಲ್ಲಿ ಯಾವ ತಂಡ ಇರಬೇಕು ಅಂತ ಈಗ ತೀರ್ಮಾನಿಸುವುದು ಮುಖ್ಯವಾಗಿ 20 ಅಂಕಗಳ ಲೆಕ್ಕ. ಅದರಲ್ಲಿ ಮೈದಾನದ ಆಟಕ್ಕೆ ಸಿಗುವುದು ಬರೀ ಕಾಲು ಭಾಗ, ಉಳಿದದ್ದೆಲ್ಲ ಅಭಿಮಾನಿಗಳ ಸಂಖ್ಯೆ, ಹಣಕಾಸು, ಸ್ಟೇಡಿಯಂ ಇಂಥವಕ್ಕೆ.

ಲಂಡನ್ ಬ್ರಾಂಕೋಸ್ ತಂಡದ ಕಥೆ ನೋಡಿ. 2023ರ ಅಕ್ಟೋಬರ್‌ನಲ್ಲಿ ಫ್ರಾನ್ಸಿಗೆ ಹೋಗಿ, ಟುಲೂಸ್ ತಂಡವನ್ನು ಅವರದೇ ಊರಿನಲ್ಲಿ ನಡೆದ ಚಾಂಪಿಯನ್‌ಶಿಪ್ (ಎರಡನೇ ಹಂತದ ಲೀಗ್) ಫೈನಲ್‌ನಲ್ಲಿ 18–14ರಿಂದ ಸೋಲಿಸಿ ಮೇಲಿನ ಲೀಗ್‌ಗೆ ಬಂದರು. ಅದೇ ತಿಂಗಳು ಬಂದ ಗ್ರೇಡಿಂಗ್ ಪಟ್ಟಿಯಲ್ಲಿ ಅವರಿಗೆ 24ನೇ ಸ್ಥಾನ! ಸೀಸನ್ ಶುರುವಾಗುವ ಮೊದಲೇ ಕೆಳಗೆ ಹೋಗುವುದು ಹೆಚ್ಚುಕಮ್ಮಿ ಖಚಿತ. ಆ ಹುಡುಗರು ಇಡೀ ವರ್ಷ ಯಾಕೆ ಮೈ ಮುರಿದು ಆಡಬೇಕು, ಹೇಳಿ?

ಗ್ರೇಡಿಂಗ್ ಪೂರ್ತಿ ಬೇಡ ಅನ್ನುತ್ತಿಲ್ಲ. ಸಾಲದಲ್ಲಿ ಮುಳುಗಿದ ಕ್ಲಬ್ ಮೇಲೆ ಬಂದರೆ ಎಲ್ಲರಿಗೂ ಕಷ್ಟ. 2020ರಲ್ಲಿ ಕೆನಡಾದ ಟೊರಾಂಟೊ ವುಲ್ಫ್‌ಪ್ಯಾಕ್ ತಂಡ ಸೀಸನ್ ನಡುವೆಯೇ ಲೀಗ್ ಕೈಬಿಟ್ಟು ಹೋಯಿತಲ್ವಾ. ಹಣ, ಸ್ಟೇಡಿಯಂಗೆ ಒಂದು ಕನಿಷ್ಠ ಮಟ್ಟ ಇಡಿ. ಅದನ್ನು ದಾಟಿದ ಚಾಂಪಿಯನ್‌ಶಿಪ್ ವಿಜೇತರು ಸೂಪರ್ ಲೀಗ್‌ನ ಕೊನೆಯ ತಂಡದ ಜೊತೆ ಒಂದೇ ಪಂದ್ಯ ಆಡಲಿ, ಗೆದ್ದವರು ಮೇಲಿರಲಿ.

ಆಮೇಲೆ ಒಂದೇ ಸೀಸನ್‌ನಲ್ಲಿ ಒಂದೇ ಎದುರಾಳಿಯ ಜೊತೆ ಮೂರನೇ ಸಲ ಆಡಿಸುವುದನ್ನು ನಿಲ್ಲಿಸಿ, ಆ ಸಮಯವನ್ನು ಅಂತರರಾಷ್ಟ್ರೀಯ ಪಂದ್ಯಗಳಿಗೆ ಕೊಡಬೇಕು. ಪೆಸಿಫಿಕ್ ದ್ವೀಪ ದೇಶಗಳಾದ ಟೊಂಗಾ, ಸಮೋವಾ ತಂಡಗಳ ಆಟ ನೋಡಿದವರಿಗೆ ಕಾರಣ ಗೊತ್ತು.