ಪಂಪ್ ಹಾಕಿಸ್ಕೊಂಡ್ರೆ ಎಲ್ಲಾ ಸರಿಹೋಗುತ್ತಾ ಡಾಕ್ಟ್ರೇ?

ಪ್ರಶ್ನೆ: ನಂಗೆ 26 ವರ್ಷ, ಊರು ದಾವಣಗೆರೆ. ಟೈಪ್ 1 ಶುಗರ್ ಶುರುವಾಗಿ 11 ವರ್ಷ, ದಿನಕ್ಕೆ ನಾಕು ಇನ್ಸುಲಿನ್ ಇಂಜೆಕ್ಷನ್. ವಾರಕ್ಕೆ ಎರಡ್ಮೂರು ಸಲ ರಾತ್ರಿ 3 ಗಂಟೆಗೆ ಶುಗರ್ ಲೋ ಆಗಿ ಬೆವತು ಎದ್ದೇಳ್ತೀನಿ, ರಾತ್ರಿ ಡೋಸ್ ಇಳಿಸಿದ್ರೆ ಬೆಳಗ್ಗೆ 240. ಎಚ್‌ಬಿಎ1ಸಿ (ಮೂರು ತಿಂಗಳ ಸರಾಸರಿ ಶುಗರ್ ತೋರ್ಸೋ ಟೆಸ್ಟು) 8.4. ಅಮೆರಿಕದಲ್ಲಿರೋ ಕಸಿನ್, ಇನ್ಸುಲಿನ್ ಪಂಪ್ ತಗೋ ಅದೇ ಎಲ್ಲಾ ನೋಡ್ಕೊಳ್ಳುತ್ತೆ ಅಂತಾನೆ. ಸಾಲ ಮಾಡಿ ತಗೊಳ್ಳಾ?

ಉತ್ತರ: ಪಂಪ್, ಅಂದ್ರೆ ಸೊಂಟಕ್ಕೆ ಕಟ್ಕೊಂಡ್ರೆ ಟ್ಯೂಬು-ಸೂಜಿ ಮೂಲಕ ದಿನವಿಡೀ ಸ್ವಲ್ಪಸ್ವಲ್ಪ ಇನ್ಸುಲಿನ್ ಬಿಡೋ ಮಶೀನು, ನಿಮಗೆ ಹೊಂದಬಹುದು, ಆದ್ರೆ ಕಸಿನ್ ಹೇಳಿದ ಕಾರಣಕ್ಕಲ್ಲ.

ಬೆಳಗಿನ ಜಾವ ಮೈಯಲ್ಲಿ ಕೆಲವು ಹಾರ್ಮೋನ್ ಏರ್ತವೆ, ಅದ್ರಿಂದ ಶುಗರೂ ಏರುತ್ತೆ. ಅದನ್ನ ಹಿಡಿಯೋಕೆ ರಾತ್ರಿಯ ಲಾಂಗ್ ಆ್ಯಕ್ಟಿಂಗ್ (ನಿಧಾನವಾಗಿ ತುಂಬಾ ಹೊತ್ತು ಕೆಲಸ ಮಾಡೋ) ಇನ್ಸುಲಿನ್ ಡೋಸ್ ಏರಿಸ್ತೀರಿ, ಅದು 3 ಗಂಟೆಗೇ ಲೋ ಮಾಡುತ್ತೆ, ಇಳಿಸಿದ್ರೆ ಬೆಳಗ್ಗೆ 240, ಯಾಕಂದ್ರೆ ಒಂದ್ಸಲ ಚುಚ್ಚಿದ್ಮೇಲೆ ಅದನ್ನ ಗಂಟೆಗೊಂದು ಥರ ಬದಲಾಯ್ಸೋಕೆ ಆಗಲ್ಲ. ಪಂಪಲ್ಲಿ ಆಗುತ್ತೆ. ಮಧ್ಯರಾತ್ರಿಯಿಂದ 3ರ ತನಕ ಕಮ್ಮಿ, ಆಮೇಲೆ ಜಾಸ್ತಿ ಅಂತ ಸೆಟ್ ಮಾಡಬಹುದು. ನಿಮ್ಮ ಕೇಸಲ್ಲಿ ಪಂಪಿಗೆ ಕೆಲಸ ಇದೆ ಅನ್ನೋದು ಇದಕ್ಕೇ.

ಇನ್ನು ಊಟ. ಸೆನ್ಸರ್ (ಮೈಗೆ ಅಂಟಿಸ್ಕೊಂಡು ಹಗಲುರಾತ್ರಿ ಶುಗರ್ ಅಳೆಯೋ ಪುಟ್ಟ ಸಾಧನ) ನೋಡ್ಕೊಂಡು ಇನ್ಸುಲಿನ್ ತಾನೇ ಹೆಚ್ಚುಕಮ್ಮಿ ಮಾಡೋ ಹೊಸ ಪಂಪಿಗೂ ಸಾಮಾನ್ಯವಾಗಿ ಎಷ್ಟು ಕಾರ್ಬ್ (ಶುಗರ್ ಏರ್ಸೋ ಪಿಷ್ಟ, ಸಕ್ಕರೆ ಅಂಶ) ತಿಂತೀರ ಅಂತ ನೀವೇ ಹೇಳ್ಬೇಕು. ನೂರು ಗ್ರಾಂ ರಾಗಿಹಿಟ್ಟಲ್ಲಿ ಹತ್ತಿರತ್ತಿರ 70 ಗ್ರಾಂ ಕಾರ್ಬ್, ಆದ್ರೆ ಮನೆ ಮುದ್ದೆ ಒಂದು ಸೈಜು ಹೋಟ್ಲು ಮುದ್ದೆ ಇನ್ನೊಂದು ಸೈಜು. ಬೆಣ್ಣೆದೋಸೆಯಂತೂ (ನಿಮ್ಮೂರಲ್ಲಿದ್ದು ಬಿಡಿ ಅನ್ನೋಕೆ ಬಾಯಿ ಬರಲ್ಲ) ಬೆಣ್ಣೆ ಜಾಸ್ತಿ ಇದ್ರೆ ಶುಗರ್ ತಡವಾಗಿ ಏರುತ್ತೆ. ಪಂಪಲ್ಲಿ ಡೋಸನ್ನ ಒಂದೇ ಸಲ ಬಿಡ್ದೆ ಒಂದೆರಡು ಗಂಟೆ ಎಳೆದು ಬಿಡಬಹುದು ನಿಜ, ಆದ್ರೆ ಈ ಲೆಕ್ಕ ಇನ್ಸುಲಿನ್ ಇಂಜೆಕ್ಷನ್ ಪೆನ್ನಲ್ಲೇ ಬರದವ್ರಿಗೆ ಪಂಪಲ್ಲೂ ಬರಲ್ಲ.

ಒಂದು ಅಪಾಯ ಗೊತ್ತಿರ್ಲಿ. ಪಂಪಲ್ಲಿರೋದು ಬೇಗ ಕೆಲಸ ಮಾಡಿ ಬೇಗ ಮುಗಿಯೋ ಇನ್ಸುಲಿನ್ ಮಾತ್ರ. ಟ್ಯೂಬ್ ಮಡಚಿಕೊಂಡ್ರೋ ಸೂಜಿ ಕಿತ್ಕೊಂಡ್ರೋ ಮೈಯಲ್ಲಿ ಸ್ಟಾಕ್ ಇರಲ್ಲ, ಕೆಲವೇ ಗಂಟೆಲಿ ಕೀಟೋನ್ (ಇನ್ಸುಲಿನ್ ಇಲ್ದಾಗ ರಕ್ತದಲ್ಲಿ ಸೇರೋ ಆಮ್ಲ) ಏರೋಕೆ ಶುರುವಾಗಿ ಐಸಿಯು ತನಕ ಹೋಗ್ಬಹುದು. ಹಾಗಾಗಿ ಪೆನ್ನು, ಕೀಟೋನ್ ಸ್ಟ್ರಿಪ್ ಯಾವಾಗ್ಲೂ ಬ್ಯಾಗಲ್ಲಿರ್ಬೇಕು, ಬೇಸಿಗೆ ಬಿಸಿಲಲ್ಲಿ ಬೈಕ್ ಓಡಿಸೋರಾದ್ರೆ ಪಂಪಲ್ಲಿರೋ ಇನ್ಸುಲಿನ್ ಕೆಡೋದೂ ತಲೇಲಿರ್ಲಿ. ನಮ್ಮ ಮೆಡಿಕಲ್ ಶಾಪಲ್ಲಿ ಸಿಗೋ ಎಷ್ಟೋ ವಯಲ್‌ಗಳು ಎಂಎಲ್‌ಗೆ 40 ಯೂನಿಟ್‌ನವು, ಪಂಪಿಗೆ ಬೇಕಿರೋದು 100 ಯೂನಿಟ್‌ನದ್ದು, ತಪ್ಪಿ ತುಂಬಿಸ್ಬಿಟ್ರೆ ಡೋಸೆಲ್ಲಾ ಅರ್ಧಕ್ಕಿಂತ ಕಮ್ಮಿ ಆಗುತ್ತೆ.

ದುಡ್ಡಿನ ವಿಷಯ: ಮಶೀನಿಗೆ ಲಕ್ಷಗಳು ಒಂದ್ಸಲ ಹೋಗ್ತವೆ, ಆದ್ರೆ 2-3 ದಿನಕ್ಕೊಮ್ಮೆ ಬದಲಾಯ್ಸೋ ಟ್ಯೂಬು-ಸೂಜಿ ಸೆಟ್ಟು, ಅದರ ಮೇಲೆ ಸೆನ್ಸರ್, ಪ್ರತಿ ತಿಂಗಳೂ ಕೇಳ್ತವೆ. ಇಎಂಐ ಮುಗಿದ್ರೂ ಇದು ಮುಗಿಯಲ್ಲ. ತಿಂಗಳ ಖರ್ಚು ಸಂಬಳದಲ್ಲಿ ಹೊಂದದಿದ್ರೆ ಸಾಲ ಮಾಡಿ ತಗೋಬೇಡಿ, ಅರ್ಧಕ್ಕೆ ನಿಲ್ಸಿ ಬೀರೂಗಿಟ್ಟ ಪಂಪ್‌ಗಳನ್ನ ನಾನು ನೋಡಿದೀನಿ.

ಮೊದ್ಲು ಎರಡು ವಾರ ಸೆನ್ಸರ್ ಒಂದನ್ನೇ ಹಾಕಿ ರಾತ್ರಿ ಗ್ರಾಫ್ ತೆಗೀರಿ, ಅದನ್ನ ಹಿಡ್ಕೊಂಡು ನಿಮ್ಮ ಡಾಕ್ಟ್ರ ಹತ್ರ ಲಾಂಗ್ ಆ್ಯಕ್ಟಿಂಗ್ ಇನ್ಸುಲಿನ್ ಬ್ರ್ಯಾಂಡೋ ಟೈಮೋ ಬದಲಾಯ್ಸಬಹುದಾ ಕೇಳಿ, ಕೆಲವರಿಗೆ ಅಷ್ಟಕ್ಕೇ ಸರಿಹೋಗುತ್ತೆ. ಹೋಗ್ಲಿಲ್ಲ ಅಂದ್ರೆ ಪಂಪ್ ಮಾರೋರ ಹತ್ರ ಡೆಮೊ ಕೇಳಿ, ಇನ್ಸುಲಿನ್ ಬದ್ಲು ಸಲೈನ್ (ಉಪ್ಪುನೀರಿನ ದ್ರಾವಣ) ತುಂಬ್ಸಿ ನಾಕು ದಿನ ಸೊಂಟಕ್ಕೆ ಕಟ್ಕೊಂಡು ಮಲ್ಗಿ, ಸ್ನಾನ ಮಾಡಿ, ಬಸ್ಸಲ್ಲಿ ಓಡಾಡಿ. ಆ ನಾಕು ದಿನ ನಿಮ್ಮ ಮಾಮೂಲಿ ಇಂಜೆಕ್ಷನ್ ಮಾತ್ರ ಒಂದೂ ತಪ್ಪಿಸ್ಬೇಡಿ.