ಶುಗರ್ ಇದ್ದರೆ ಅಂಗವಿಕಲರ ಪಾರ್ಕಿಂಗ್ ಪರ್ಮಿಟ್ ಸಿಗುತ್ತಾ?
ಶುಗರ್ ಇರುವ ನಿಮ್ಮ ತಾಯಿ ಈ ಪರ್ಮಿಟ್‌ಗೆ ಹಾಕಿದ ಅರ್ಜಿ ತಿರಸ್ಕಾರ ಆಗಿದೆ, ಏನು ಮಾಡಬೇಕು ಎಂದು ಕೇಳಿದ್ದೀರಿ. ಅದು ತಿರಸ್ಕಾರ ಆಗಿರುವುದು ಬಹುಶಃ ಅದರಲ್ಲಿ ಬರೀ ‘ಡಯಾಬಿಟಿಸ್’ ಎಂದು ಬರೆದಿರುವುದರಿಂದ. ಈ ಪರ್ಮಿಟ್ ಸಾಮಾನ್ಯವಾಗಿ ಕಾಯಿಲೆಯ ಹೆಸರಿಗೆ ಸಿಗಲ್ಲ, ನಡೆಯಲು ಎಷ್ಟು ಕಷ್ಟ ಅನ್ನುವುದಕ್ಕೆ ಸಿಗುತ್ತದೆ. ಅದು ಸರಿ ಕೂಡ, ಶುಗರ್ ಇದ್ದೂ ಆರಾಮಾಗಿ ಓಡಾಡುವವರು ಬಹಳ ಜನ ಇದ್ದಾರೆ ಅಲ್ವಾ. ಆದರೆ ಪಾದ ಮರಗಟ್ಟಿದೆ, ಹೆಬ್ಬೆರಳ ಕೆಳಗಿನ ಹುಣ್ಣು ಮಾಯುತ್ತಿಲ್ಲ ಎಂದಿದ್ದೀರಿ, ಅದೇ ಇಲ್ಲಿ ಮುಖ್ಯ. ಮೊದಲು ಡಾಕ್ಟರಿಗೆ ಸಾಕ್ಸ್ ಬಿಚ್ಚಿ ಪಾದ ತೋರಿಸಿ, ಸ್ಪರ್ಶ ಮತ್ತು ರಕ್ತಸಂಚಾರದ ಪರೀಕ್ಷೆ ಮಾಡಿಸಿ. ಆಮೇಲೆ ನ್ಯೂರೋಪತಿ (ಅಂದರೆ ನರಗಳ ಹಾನಿ), ಹುಣ್ಣು, ನಿಲ್ಲದೆ ಎಷ್ಟು ದೂರ ನಡೆಯುತ್ತಾರೆ, ಕೋಲು ಬೇಕಾ, ಇಷ್ಟನ್ನೂ ಸರ್ಟಿಫಿಕೇಟಿನಲ್ಲಿ ಬರೆಸಿ. ನಿಯಮ ಒಂದೊಂದು ಕಡೆ ಒಂದೊಂದು ಥರ, ಹಾಗಾಗಿ ಫಾರಂನಲ್ಲಿರುವ ಮಾತುಗಳನ್ನೇ ಬಳಸಲು ಹೇಳಿ. ಹುಣ್ಣು ಮಾಯುವ ಹಾಗಿದ್ದರೆ ತಾತ್ಕಾಲಿಕ ಪರ್ಮಿಟ್ ಇದೆಯಾ ಕೇಳಿ. ತಿರಸ್ಕಾರದ ಪತ್ರದಲ್ಲಿ ಮೇಲ್ಮನವಿಗೆ ಕೊನೇ ದಿನ ಇದ್ದರೆ ಇವತ್ತೇ ನೋಡಿಕೊಳ್ಳಿ.